ತಾಮ್ರದ ಹಂಡೆಗೆ ಹೊಸ ಜಿಐ ಲೈನ್: ಬಚ್ಚಲುಮನೆಯಲ್ಲಿ ಬಿಚ್ಚಿದ್ದು, ಜೋಡಿಸಿದ್ದು

ನಮ್ಮ ಚಿಕ್ಕಪ್ಪನ ಮನೆ ಇರುವುದು ಕೊಪ್ಪದ ಹತ್ತಿರ. ಬಚ್ಚಲುಮನೆಯಲ್ಲಿ ಸೌದೆ ಒಲೆ, ಅದರ ಮೇಲೆ ಕಟ್ಟಿ ಕೂರಿಸಿದ ಮುಚ್ಚಿದ ಬಾಯಿಯ ತಾಮ್ರದ ಹಂಡೆ. ಗುಡ್ಡದ ನೀರು ಮನೆ ಹಿಂದಿನ ದಿಬ್ಬದ ಮೇಲಿರುವ ಸಿಮೆಂಟ್ ಟ್ಯಾಂಕಿಗೆ ಬಂದು ಬೀಳುತ್ತದೆ. ಅಲ್ಲಿಂದ ಒಂದಿಂಚಿನ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು ಮಾಡಿನ ಅಂಚಿನಲ್ಲಿ ಹಾದು ಬಂದು, ಕೊನೆಗೆ ಮುಕ್ಕಾಲಿಂಚಾಗಿ ಹಂಡೆಯ ಬುಡ ಸೇರುತ್ತದೆ. ಹಂಡೆಯ ಮೇಲ್ಭಾಗದಿಂದ ಬಿಸಿನೀರು ನಲ್ಲಿಗೆ ಹೋಗುತ್ತದೆ. ನೆತ್ತಿಯಿಂದ ಒಂದು ಗಾಳಿ ಪೈಪು ಮಾಡಿನ ಮೇಲಕ್ಕೆ ಎದ್ದಿದೆ. ಪಂಪಿಲ್ಲ, ಕರೆಂಟ್ ಬೇಕಿಲ್ಲ. ಮಲೆನಾಡಿನ ಎಷ್ಟೋ ಮನೆಗಳಲ್ಲಿ ಇದೇ ಏರ್ಪಾಡು.

ತೊಂದರೆ ಶುರುವಾಗಿದ್ದು ಬಿಸಿನೀರಿನ ನಲ್ಲಿಯಲ್ಲಿ. ನೀರು ಬರಬರುತ್ತಾ ಸಣ್ಣದಾಯಿತು. ಬೆಳಿಗ್ಗೆ ಮೊದಲ ಬಕೆಟ್ಟಿಗೆ ಕೆಂಪು ನೀರು. ಆಮೇಲೆ ಹಂಡೆಯ ಪಕ್ಕದ ಎಲ್ಬೋ (ಪೈಪು ತಿರುಗುವ ಮೂಲೆಯ ತುಂಡು) ಹತ್ತಿರ ಗೋಡೆ ಒದ್ದೆಯಾಗತೊಡಗಿತು. ನಲ್ಲಿ ಬದಲಾಯಿಸಿ ನೋಡಿದರು, ಏನೂ ಆಗಲಿಲ್ಲ. ಲೈನ್ ಬಿಚ್ಚಿ ನೋಡೋಣ ಅಂತ ನಾನೂ ಊರಿನ ಪ್ಲಂಬರ್ ಒಬ್ಬರೂ ಸೇರಿ ಕೆಲಸಕ್ಕೆ ಇಳಿದೆವು.

ಬಿಸಿನೀರಿನ ಕಡೆಯ ಎಲ್ಬೋ ಬಿಚ್ಚುವ ಮೊದಲೇ ಮುರಿಯಿತು. ಮುರಿದದ್ದು ಎಲ್ಬೋ ಅಲ್ಲ, ಅದರೊಳಗೆ ಕೂತಿದ್ದ ಪೈಪಿನ ಥ್ರೆಡ್, ಅಂದರೆ ತಿರುಪಿನ ಸುತ್ತು. ತುಂಡನ್ನು ಬೆಳಕಿಗೆ ಹಿಡಿದು ನೋಡಿದೆ. ಮುಕ್ಕಾಲಿಂಚಿನ ಪೈಪಿನೊಳಗೆ ಪೆನ್ಸಿಲ್ ತೂರುವಷ್ಟು ಮಾತ್ರ ದಾರಿ ಉಳಿದಿತ್ತು. ಸುತ್ತ ಗಂಟು ಗಂಟಾಗಿ ತುಕ್ಕು ಬೆಳೆದಿತ್ತು. ಮೇಲ್ಪದರ ಕಾವಿ ಬಣ್ಣ, ಉಗುರಿನಿಂದ ಕೆರೆದರೆ ಒಳಗೆ ಕಪ್ಪು ಪುಡಿ. ಒಂದೊಂದು ಗಂಟಿನ ಅಡಿಯಲ್ಲೂ ಕಬ್ಬಿಣದಲ್ಲಿ ಒಂದು ಸಣ್ಣ ಗುಂಡಿ. ಎಲ್ಬೋ ಬಾಯಿಯ ಹೊರಗೆ ಕಾಣುತ್ತಿದ್ದ ಎರಡು ಸುತ್ತು ಥ್ರೆಡ್ ಅಂತೂ ಬೆರಳಲ್ಲಿ ಒತ್ತಿದರೆ ಉದುರುತ್ತಿತ್ತು. ಅದೇ ಪೈಪಿನಲ್ಲಿ ಥ್ರೆಡ್ಡಿನಿಂದ ಒಂದಡಿ ಆಚೆ ಹೊರಮೈ ಮಾತ್ರ ಇನ್ನೂ ಬೂದು ಬಣ್ಣದಲ್ಲೇ ಇತ್ತು. ಟ್ಯಾಂಕಿನ ಕಡೆಯ ತಣ್ಣೀರಿನ ಪೈಪನ್ನು ಬಿಚ್ಚಿದಾಗ ಒಳಗೆ ತೆಳ್ಳಗೆ ತುಕ್ಕು ಹಿಡಿದಿತ್ತು, ಆದರೆ ದಾರಿ ಪೂರ್ತಿ ತೆರೆದೇ ಇತ್ತು.

ಒಂದೇ ಮನೆ, ಒಂದೇ ನೀರು, ಒಂದೇ ಕಾಲದಲ್ಲಿ ಹಾಕಿದ ಪೈಪು. ಒಂದು ಕಡೆ ಕೊಳೆತು ಹೋಗಿದೆ, ಇನ್ನೊಂದು ಕಡೆ ಗಟ್ಟಿ ಇದೆ. ಹೊಸ ಸಾಮಾನು ತರುವ ಮೊದಲು ಇದು ಯಾಕೆ ಅಂತ ಕೂತು ಯೋಚಿಸಬೇಕು. ಇಲ್ಲದಿದ್ದರೆ ಹಳೆಯದನ್ನೇ ಹೊಸದಾಗಿ ಹಾಕಿದಂತೆ ಆಗುತ್ತದೆ.

ಜಿಐ ಅಂದರೆ ಕಬ್ಬಿಣದ ಪೈಪಿಗೆ ಸತುವಿನ ಲೇಪ. ಸುಮಾರು 450 ಡಿಗ್ರಿಯಲ್ಲಿ ಕರಗಿದ ಸತುವಿನಲ್ಲಿ ಪೈಪನ್ನು ಅದ್ದಿ ತೆಗೆಯುತ್ತಾರೆ. ಒಳಗೂ ಹೊರಗೂ ಲೇಪ ಕೂರುತ್ತದೆ. ನೀರು ತಾಗಿದಾಗ ಮೊದಲು ಸತು ಸವೆಯುತ್ತದೆ, ಅಲ್ಲಿಯವರೆಗೆ ಕಬ್ಬಿಣ ಉಳಿಯುತ್ತದೆ. ಸಣ್ಣ ಗೀರು ಬಿದ್ದರೂ ಪಕ್ಕದ ಸತು ಅದನ್ನು ಕಾಯುತ್ತದೆ. ಆದರೆ ಈ ಕಾವಲು ಮೂರು ಜಾಗದಲ್ಲಿ ಸೋಲುತ್ತದೆ. ನಮ್ಮ ಹಂಡೆಯ ಪಕ್ಕದಲ್ಲಿ ಮೂರೂ ಒಟ್ಟಿಗೆ ಇದ್ದವು.

ಮೊದಲನೆಯದು ಬಿಸಿ. ನೀರು ಸುಮಾರು 60 ಡಿಗ್ರಿ ದಾಟಿದರೆ ಕೆಲವು ತರದ ನೀರಿನಲ್ಲಿ ಸತು ಮತ್ತು ಕಬ್ಬಿಣದ ಪಾತ್ರ ಅದಲುಬದಲಾಗುತ್ತದೆ. ಸತು ಸವೆಯುವ ಬದಲು ಕಬ್ಬಿಣವೇ ಗುಂಡಿ ಬೀಳುತ್ತದೆ. ಸೌದೆ ಒಲೆಯ ಹಂಡೆಯಲ್ಲಿ 60 ಡಿಗ್ರಿ ಅನ್ನುವುದು ಏನೂ ಅಲ್ಲ, ಎರಡು ಕೊಳ್ಳಿ ಜಾಸ್ತಿ ಇಟ್ಟರೆ ನೀರು ಕುದಿಯುತ್ತದೆ.

ಎರಡನೆಯದು ತಾಮ್ರ. ತಾಮ್ರಕ್ಕೆ ಜಿಐ ನೇರವಾಗಿ ಸಿಕ್ಕಿಸಿದರೆ ಜಾಯಿಂಟಿನಲ್ಲಿ ಸತು ಬೇಗ ಕರಗುತ್ತದೆ. ಅಷ್ಟೇ ಅಲ್ಲ, ಹಂಡೆಯಲ್ಲಿ ನಿಂತ ಬಿಸಿನೀರಿಗೆ ಒಂಚೂರು ತಾಮ್ರ ಬಿಡುತ್ತದೆ. ಆ ನೀರು ಜಿಐ ಪೈಪಿನಲ್ಲಿ ಹರಿಯುವಾಗ ತಾಮ್ರ ಅಲ್ಲಲ್ಲಿ ಒಳಮೈಗೆ ಕೂರುತ್ತದೆ. ಕೂತ ಜಾಗದ ಸುತ್ತ ಗುಂಡಿ ಬೀಳಲು ಶುರುವಾಗುತ್ತದೆ. ಹಾಗಾಗಿ ಜಿಐನಿಂದ ತಾಮ್ರದ ಕಡೆಗೆ ನೀರು ಹರಿದರೆ ಸುಧಾರಿಸಿಕೊಳ್ಳಬಹುದು, ತಾಮ್ರದಿಂದ ಜಿಐ ಕಡೆಗೆ ಹರಿಸಲೇಬಾರದು. ನಮ್ಮಲ್ಲಿ ಬಿಸಿನೀರಿನ ಲೈನ್ ಇದ್ದದ್ದು ಸರಿಯಾಗಿ ಹಾಗೇ.

ಮೂರನೆಯದು ಥ್ರೆಡ್. ಇದು ಎಲ್ಲ ಜಿಐ ಲೈನಿಗೂ ಅನ್ವಯಿಸುವ ಮಾತು. ಥ್ರೆಡ್ ಹಾಕುವಾಗ ಸತುವಿನ ಹೊರಲೇಪ ಪೂರ್ತಿ ಕೆತ್ತಿ ಹೋಗುತ್ತದೆ, ಜೊತೆಗೆ ಪೈಪಿನ ದಪ್ಪವೂ ಅರ್ಧಕ್ಕರ್ಧ ಹೋಗುತ್ತದೆ. ಹಾಗಾಗಿ ಪೈಪಿನಲ್ಲಿ ಎಲ್ಲಕ್ಕಿಂತ ತೆಳುವಾದ ಜಾಗ, ಲೇಪವೇ ಇಲ್ಲದ ಜಾಗ, ಎರಡೂ ಫಿಟ್ಟಿಂಗ್ (ಎಲ್ಬೋದಂಥ ಜೋಡಿಸುವ ತುಂಡು) ಬಾಯಿಯಲ್ಲೇ ಇರುತ್ತವೆ. ಜಿಐ ಲೈನ್ ಎಷ್ಟು ವರ್ಷ ಬಾಳುತ್ತದೆ ಅನ್ನುವುದು ಜಾಯಿಂಟುಗಳಲ್ಲೇ ತೀರ್ಮಾನವಾಗುತ್ತದೆ. ಪೈಪಿನ ಬ್ರಾಂಡ್ ಕೇಳುವ ನಾವು ಫಿಟ್ಟಿಂಗ್ ಮತ್ತು ಥ್ರೆಡ್ ಬಗ್ಗೆ ಕೇಳುವುದೇ ಇಲ್ಲ.

ನೀರಿನ ಗುಣವೂ ಸೇರುತ್ತದೆ. ಬಯಲುಸೀಮೆಯ ಬೋರ್‌ವೆಲ್ ನೀರು ಗಡಸು. ಅದರ ಸುಣ್ಣ ಪೈಪಿನೊಳಗೆ ಪದರ ಕಟ್ಟಿ ದಾರಿ ಮುಚ್ಚಬಹುದು, ಆದರೆ ಆ ಪದರವೇ ಲೋಹವನ್ನು ಸ್ವಲ್ಪ ಕಾಯುತ್ತದೆ. ನಮ್ಮ ಗುಡ್ಡದ ನೀರು ಮೆದು. ಸೋಪು ಚೆನ್ನಾಗಿ ನೊರೆ ಬರುತ್ತದೆ, ಆದರೆ ಪೈಪಿಗೆ ಹೊದಿಕೆಯನ್ನೇ ಕೊಡುವುದಿಲ್ಲ.

ಚಿಕ್ಕಪ್ಪ ಇಷ್ಟು ಕೇಳಿ, "ಹಾಗಾದ್ರೆ ಜಿಐ ಸಹವಾಸವೇ ಬೇಡ ಮಾರಾಯ, ಎಲ್ಲಾ ಸಿಪಿವಿಸಿ ಮಾಡ್ಬಿಡು" ಅಂದರು. ಮನೆಯೊಳಗಿನ ಸಾಮಾನ್ಯ ಲೈನಿಗೆ ಅದು ಒಳ್ಳೆಯ ಮಾತೇ. ಆದರೆ ಸಿಪಿವಿಸಿ ಅನ್ನುವ ಈ ಪ್ಲಾಸ್ಟಿಕ್ ಪೈಪು ತಾಳುವುದು 93 ಡಿಗ್ರಿವರೆಗೆ. ಗೀಸರಿಗಾದರೆ ಥರ್ಮೋಸ್ಟಾಟ್ ಇರುತ್ತದೆ, ಸೌದೆ ಒಲೆಗೆ ಅದೆಲ್ಲಿ? ಇನ್ನು ಮಾಡಿನ ಅಂಚಿನ ಲೈನ್. ಅಲ್ಲಿ ಬಿಸಿಲು ನೇರ ಬೀಳುತ್ತದೆ, ಪಕ್ಕದಲ್ಲೇ ಅಡಿಕೆ ಮರ, ಸೋಗೆ ಬೀಳುತ್ತಿರುತ್ತದೆ. ಮಂಗಗಳ ಕಾಟ ಬೇರೆ. ಪ್ಲಾಸ್ಟಿಕ್ ಪೈಪಿಗೆ ಮಂಗ ಜೋತುಬಿದ್ದರೆ ಜಾಯಿಂಟ್ ಕಿತ್ತು ಬರುವುದನ್ನು ಈ ಭಾಗದವರೆಲ್ಲ ನೋಡಿರುತ್ತಾರೆ. ಅಲ್ಲಿಗೆ ಜಿಐಯೇ ಸರಿ.

ಕೊನೆಗೆ ಹೀಗೆ ತೀರ್ಮಾನ ಮಾಡಿದೆವು. ಟ್ಯಾಂಕಿನಿಂದ ಹಂಡೆಯ ಹತ್ತಿರದವರೆಗೆ ತಣ್ಣೀರಿಗೆ ಹೊಸ ಜಿಐ. ಹಂಡೆಗೆ ಸೇರುವ ಕೊನೆಯ ಒಂದೂವರೆ ಅಡಿ ಹಿತ್ತಾಳೆ. ಹಂಡೆಯಿಂದ ಹೊರಬರುವ ಬಿಸಿನೀರಿಗೂ ಗಾಳಿ ಪೈಪಿಗೂ ಜಿಐ ಬೇಡವೇ ಬೇಡ, 304 ಸ್ಟೇನ್‌ಲೆಸ್ ಸ್ಟೀಲ್. ತಾಮ್ರದ ಪೈಪೂ ಆಗುತ್ತಿತ್ತು, ಆದರೆ ಥ್ರೆಡ್ ಹಾಕಿದ ಸ್ಟೀಲ್ ಪೈಪನ್ನು ಮುಂದೆ ಬೇಕಾದಾಗ ನಾವೇ ಬಿಚ್ಚಿ ಹಾಕಬಹುದು. ಸ್ಟೀಲಿಗೆ ಕೈ ಡೈಯಲ್ಲಿ (ಕೈಯಲ್ಲಿ ತಿರುಗಿಸಿ ಥ್ರೆಡ್ ಕೊರೆಯುವ ಸಾಧನ) ಥ್ರೆಡ್ ಹಾಕುವುದು ಕಷ್ಟ. ಅಳತೆ ಕೊಟ್ಟು ಶಿವಮೊಗ್ಗದಲ್ಲೇ ಥ್ರೆಡ್ ಹಾಕಿಸಿ ತಂದೆ.

ಜಿಐ ಪೈಪು ಕೊಳ್ಳುವಾಗ ಮೊದಲು ನೋಡಬೇಕಾದದ್ದು ಬಣ್ಣದ ಪಟ್ಟಿ. ಐಎಸ್ 1239 ಅನ್ನುವ ಭಾರತೀಯ ಮಾನದಂಡದ ಪ್ರಕಾರ ಹಳದಿ ಪಟ್ಟಿ ಲೈಟ್, ನೀಲಿ ಪಟ್ಟಿ ಮೀಡಿಯಂ, ಕೆಂಪು ಪಟ್ಟಿ ಹೆವಿ. ಅಂಗಡಿಯಲ್ಲಿ ಎ ಕ್ಲಾಸ್, ಬಿ ಕ್ಲಾಸ್, ಸಿ ಕ್ಲಾಸ್ ಅನ್ನುತ್ತಾರೆ. ಮೂರಕ್ಕೂ ಹೊರ ಅಳತೆ ಹೆಚ್ಚುಕಡಿಮೆ ಒಂದೇ. ಒಂದಿಂಚಿನ ಪೈಪಿಗೆ ಅದು 33.7 ಮಿಲಿಮೀಟರ್. ಹಾಗಾಗಿ ಫಿಟ್ಟಿಂಗ್ ಎಲ್ಲಕ್ಕೂ ಒಂದೇ ಆಗುತ್ತದೆ. ವ್ಯತ್ಯಾಸ ಇರುವುದು ದಪ್ಪದಲ್ಲಿ. ಒಂದಿಂಚಿಗೆ ಲೈಟ್ 2.6, ಮೀಡಿಯಂ 3.2, ಹೆವಿ 4 ಮಿಲಿಮೀಟರ್. ಕೇಳುವುದಕ್ಕೆ ಅರ್ಧ, ಮುಕ್ಕಾಲು ಮಿಲಿಮೀಟರ್ ಅಷ್ಟೇ ಅನ್ನಿಸುತ್ತದೆ. ಥ್ರೆಡ್ ಹಾಕಿದ ಮೇಲೆ ಏನು ಉಳಿಯುತ್ತದೆ ಅಂತ ಲೆಕ್ಕ ಹಾಕಿ. ಒಂದಿಂಚಿನ ಪೈಪಿಗೆ ಇಂಚಿಗೆ 11 ಸುತ್ತು ಥ್ರೆಡ್, ಪೈಪಿನ ಹೊರಮೈಯಿಂದ ಥ್ರೆಡ್ಡಿನ ಬುಡಕ್ಕೆ ಆಳ ಸುಮಾರು 1.7 ಮಿಲಿಮೀಟರ್. ಥ್ರೆಡ್ಡಿನ ಬುಡದಲ್ಲಿ ಉಳಿಯುವ ಕಬ್ಬಿಣ ಲೈಟ್ ಪೈಪಿನಲ್ಲಿ ಸುಮಾರು 0.9, ಮೀಡಿಯಂನಲ್ಲಿ 1.5, ಹೆವಿಯಲ್ಲಿ 2.3 ಮಿಲಿಮೀಟರ್. ಅಂದರೆ ಜಾಯಿಂಟಿನ ಜಾಗದಲ್ಲಿ ಹೆವಿ ಪೈಪು ಲೈಟಿಗಿಂತ ಎರಡೂವರೆ ಪಟ್ಟು ದಪ್ಪ. ಸವೆಯುವುದು ಅಲ್ಲೇ ಆದ್ದರಿಂದ ಇದೇ ನಿಜವಾದ ಲೆಕ್ಕ. ನಾವು ಒಂದಿಂಚಿಗೆ ಬಿ ಕ್ಲಾಸ್ ತಂದೆವು, ಒಲೆಯ ಹತ್ತಿರದ ಮುಕ್ಕಾಲಿಂಚಿಗೆ ಸಿ ಕ್ಲಾಸ್. ನೀರಿನ ಲೈನಿಗೆ ಎ ಕ್ಲಾಸ್ ಪೈಪು ತಂದು ಥ್ರೆಡ್ ಹಾಕುವುದು ದುಡ್ಡು ದಂಡ ಅಂತಲೇ ನನ್ನ ಅಭಿಪ್ರಾಯ. ಅದು ಬೇಲಿ, ಚಪ್ಪರಕ್ಕೆ ಸಾಕು.

ಫಿಟ್ಟಿಂಗ್ ಆರಿಸಲು ಪೈಪಿಗಿಂತ ಜಾಸ್ತಿ ಹೊತ್ತು ತೆಗೆದುಕೊಂಡೆ. ಎಲ್ಬೋ, ಟೀ (ಮೂರು ಬಾಯಿಯದು), ಸಾಕೆಟ್ (ಎರಡು ಪೈಪು ನೇರ ಕೂಡಿಸುವುದು), ಯೂನಿಯನ್ (ನಡುವಿನ ನಟ್ ಬಿಚ್ಚಿ ಬೇರೆ ಮಾಡಬಹುದಾದದ್ದು) ಇವೆಲ್ಲ ಸಾಮಾನ್ಯವಾಗಿ ಮಲಿಯಬಲ್ ಐರನ್. ಎರಕ ಹೊಯ್ದ ಮೇಲೆ ಬಹಳ ಹೊತ್ತು ಕಾಸಿ ಹದ ಮಾಡಿದ್ದು, ಬರೀ ಬೀಡು ಕಬ್ಬಿಣದ ಹಾಗೆ ಏಟಿಗೆ ಒಡೆಯುವುದಿಲ್ಲ. ಅದಕ್ಕೆ ಐಎಸ್ 1879 ಗುರುತು ಇರಬೇಕು. ಬಾಯಿಯ ಸುತ್ತ ದಪ್ಪ ಉಂಗುರದಂತೆ ಏರಿದ ಅಂಚು ಇರುತ್ತದೆ, ರೆಂಚ್ ಹಾಕಿ ತಿರುಗಿಸುವಾಗ ಬಾಯಿ ಅಗಲವಾಗದಂತೆ ಅದೇ ತಡೆಯುವುದು. ಕೈಯಲ್ಲಿ ಹಿಡಿದರೆ ತೂಕ ತಿಳಿಯುತ್ತದೆ. ಒಂದೇ ಅಳತೆಯ ಎರಡು ಎಲ್ಬೋ ಎರಡು ಕೈಯಲ್ಲಿ ಹಿಡಿದು ನೋಡಿ, ಹಗುರವಾದದ್ದನ್ನು ಅಲ್ಲೇ ಬಿಟ್ಟು ಬನ್ನಿ. ಬಾಯಿಯೊಳಗೆ ಟಾರ್ಚ್ ಬಿಟ್ಟು ನೋಡಿ. ಥ್ರೆಡ್ ಮೊದಲ ಸುತ್ತಿನಿಂದಲೇ ಪೂರ್ತಿ ಇರಬೇಕು, ಒಂದು ಪಕ್ಕ ಆಳ ಒಂದು ಪಕ್ಕ ತೇಲಿ ಇರಬಾರದು. ಎರಕದಲ್ಲಿ ಸೂಜಿ ಮೊನೆಯಷ್ಟು ತೂತು ಕಂಡರೂ ಬೇಡ. ಹೊರಗಿನ ಸತು ಅದನ್ನು ಈಗ ಮುಚ್ಚಿರಬಹುದು, ಸತು ಸವೆದ ಮೇಲೆ ಅಲ್ಲೇ ಜಿನುಗುತ್ತದೆ.

ಇನ್ನೊಂದು ಪರೀಕ್ಷೆ ಅಂಗಡಿಯಲ್ಲೇ ಮಾಡಬೇಕು. ಒಂದು ಒಳ್ಳೆಯ ನಿಪ್ಪಲ್ (ಎರಡೂ ತುದಿಗೆ ಥ್ರೆಡ್ ಇರುವ ಪೈಪಿನ ತುಂಡು) ಜೇಬಲ್ಲಿ ಇಟ್ಟುಕೊಂಡು ಹೋಗಿ, ಪ್ರತಿ ಫಿಟ್ಟಿಂಗಿಗೂ ಬರಿಗೈಯಲ್ಲಿ ತಿರುಗಿಸಿ ನೋಡಿ. ಪೈಪಿನ ಥ್ರೆಡ್ ತುದಿಗೆ ಸಣ್ಣದಾಗುತ್ತಾ ಹೋಗುತ್ತದೆ, 16ಕ್ಕೆ 1ರ ಇಳಿಜಾರು. ಹಾಗಾಗಿ ಮೂರು ನಾಲ್ಕು ಸುತ್ತು ಸಲೀಸಾಗಿ ಹೋಗಿ ಆಮೇಲೆ ಬಿಗಿಯಬೇಕು. ಒಂದೇ ಸುತ್ತಿಗೆ ಹಿಡಿದುಕೊಂಡರೂ ಸರಿಯಲ್ಲ, ಪೂರ್ತಿ ಬುಡದವರೆಗೆ ಬರಿಗೈಯಲ್ಲೇ ಹೋದರೂ ಸರಿಯಲ್ಲ. ಅಂಗಡಿಯವರು ಒಂಚೂರು ಗೊಣಗಿದರು, "ಇಷ್ಟು ನೋಡಿ ತಗೊಳ್ಳೋರು ಯಾರೂ ಇಲ್ಲ ಸಾರ್" ಅಂದರು. ಆಮೇಲೆ ಅವರೇ ಒಳಗಿನಿಂದ ಬೇರೆ ಡಬ್ಬ ತಂದಿಟ್ಟರು.

ನಿಪ್ಪಲ್ ವಿಷಯದಲ್ಲಿ ಹೊಳಪಿಗೆ ಮಾರುಹೋಗಬೇಡಿ. ಕನ್ನಡಿಯ ಹಾಗೆ ಮಿನುಗುವ ನಿಪ್ಪಲ್‌ಗಳು ಬಹುತೇಕ ಕರೆಂಟ್ ಪ್ಲೇಟಿಂಗ್ ಮಾಡಿದವು, ಸತುವಿನ ಪದರ ತೀರ ತೆಳು. ಕರಗಿದ ಸತುವಿನಲ್ಲಿ ಅದ್ದಿದ್ದು ಮಂಕು ಬೂದು ಬಣ್ಣ ಇರುತ್ತದೆ, ಅಲ್ಲಲ್ಲಿ ಹನಿ ಕಟ್ಟಿದ ಗುರುತು ಇರುತ್ತದೆ. ನೋಡಲು ಚೆಂದವಿಲ್ಲ, ಬಾಳಿಕೆ ಅದಕ್ಕೇ. ಎರಡೂ ಕಡೆಯ ಥ್ರೆಡ್ ಮಧ್ಯದಲ್ಲಿ ಕೂಡಿಕೊಳ್ಳುವ ಗಿಡ್ಡ ನಿಪ್ಪಲ್ಲನ್ನು ನಾನು ಬಳಸುವುದಿಲ್ಲ, ಅದರಲ್ಲಿ ಲೇಪ ಇರುವ ಮೈಯೇ ಉಳಿದಿರುವುದಿಲ್ಲ. ಒಂದಿಂಚಿನಿಂದ ಮುಕ್ಕಾಲಿಂಚಿಗೆ ಇಳಿಸಲು ಬುಷ್ ಬದಲು ರೆಡ್ಯೂಸಿಂಗ್ ಸಾಕೆಟ್ ತಂದೆ. ಬುಷ್ ಅಗ್ಗ, ಜಾಗವೂ ಕಡಿಮೆ ಸಾಕು. ಆದರೆ ಒಳಗೂ ಹೊರಗೂ ಥ್ರೆಡ್ ಕೊರೆದ ತೆಳು ಗೋಡೆ ಅದು, ತುಕ್ಕು ಹಿಡಿದರೆ ಬಿಚ್ಚುವುದಕ್ಕೂ ಬರುವುದಿಲ್ಲ.

ಎಲ್ಬೋ ಎಷ್ಟು ಅಂತಲೂ ಯೋಚಿಸಬೇಕಾಯಿತು. ನಮ್ಮ ಟ್ಯಾಂಕಿನ ನೀರಿನ ಮಟ್ಟ ನಲ್ಲಿಗಿಂತ ಸುಮಾರು ಮೂರು ಮೀಟರ್ ಎತ್ತರ. 10 ಮೀಟರ್ ಎತ್ತರಕ್ಕೆ ಚದರ ಸೆಂಟಿಮೀಟರಿಗೆ ಒಂದು ಕೆಜಿ ಪ್ರೆಶರ್ ಅಂತ ಲೆಕ್ಕ, ಅಂದರೆ ನಮಗೆ ಸಿಗುವುದು 0.3 ಕೆಜಿ ಮಾತ್ರ. ಒಂದು ಎಲ್ಬೋ ನೀರಿಗೆ ಕೊಡುವ ತಡೆ ಪೈಪಿನ ಅಗಲದ ಸುಮಾರು 30 ಪಟ್ಟು ಉದ್ದದ ನೇರ ಪೈಪಿನಷ್ಟು. ಒಂದಿಂಚಿಗೆ ಅದು ಮುಕ್ಕಾಲು ಮೀಟರ್. ಪಂಪಿದ್ದರೆ ತಲೆ ಕೆಡಿಸಿಕೊಳ್ಳಬೇಕಿಲ್ಲ, ಬರೀ ಇಳಿಜಾರಿನ ನೀರಿಗೆ ಒಂದೊಂದು ಎಲ್ಬೋ ಲೆಕ್ಕಕ್ಕೆ ಬರುತ್ತದೆ. ಹಳೇ ಲೈನಿನಲ್ಲಿ ಕಿಟಕಿ ಸುತ್ತಿ ಬರಲು ನಾಲ್ಕು ಎಲ್ಬೋ ಹಾಕಿದ್ದರು. ದಾರಿಯನ್ನೇ ಸ್ವಲ್ಪ ಮೇಲಕ್ಕೆ ಸರಿಸಿ ಅವನ್ನು ತೆಗೆದೆವು. ತಿರುಗಲೇಬೇಕಾದ ಕಡೆ ಉದ್ದ ಬೆಂಡ್ ಹಾಕಿದೆವು.

ಬಿಚ್ಚುವ ಕೆಲಸಕ್ಕೆ ಬರುವ ಮೊದಲು ಒಂದು ಎಚ್ಚರಿಕೆ. ಹಳೇ ಮನೆಗಳಲ್ಲಿ ಕರೆಂಟಿನ ಅರ್ಥಿಂಗ್ ತಂತಿಯನ್ನು ನೀರಿನ ಪೈಪಿಗೇ ಸುತ್ತಿರುತ್ತಾರೆ. ಇಲ್ಲೂ ಮೀಟರ್ ಬೋರ್ಡಿನ ಕಡೆಯಿಂದ ಒಂದು ತಂತಿ ಬಂದು ಪೈಪಿಗೆ ಕಟ್ಟಿತ್ತು. ಅಂಥ ಪೈಪನ್ನು ಹಾಗೇ ಕೊಯ್ದರೆ ಮನೆಯ ಅರ್ಥಿಂಗೇ ಹೋಗುತ್ತದೆ, ಎಲ್ಲಾದರೂ ಲೀಕೇಜ್ ಇದ್ದರೆ ಕೊಯ್ಯುವವರಿಗೇ ಶಾಕ್. ಮೇನ್ ಸ್ವಿಚ್ ಆಫ್ ಮಾಡಿ, ಎಲೆಕ್ಟ್ರಿಷಿಯನ್ ಕರೆಸಿ ಬೇರೆ ಅರ್ಥ್ ಗುಂಡಿ ಮಾಡಿಸಿ, ಆಮೇಲೆಯೇ ಪೈಪಿಗೆ ಗರಗಸ ಇಟ್ಟೆವು. ಜಿಐ ತೆಗೆದು ಪ್ಲಾಸ್ಟಿಕ್ ಹಾಕಿಸುವ ಎಲ್ಲರೂ ಇದನ್ನು ನೋಡಲೇಬೇಕು.

ಕೂತುಹೋದ ಜಾಯಿಂಟಿಗೆ ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟಿಡಬೇಕು. ಎರಡು ಪೈಪ್ ರೆಂಚ್ ಬೇಕೇ ಬೇಕು. ಒಂದರಲ್ಲಿ ಬಿಚ್ಚುವುದು, ಇನ್ನೊಂದರಲ್ಲಿ ಉಳಿಯಬೇಕಾದ ಪೈಪನ್ನು ಅಲುಗದಂತೆ ಹಿಡಿಯುವುದು. ಆದರೂ ಬಿಡದಿದ್ದರೆ ಎಲ್ಬೋದ ಒಂದು ಪಕ್ಕ ಸುತ್ತಿಗೆ ಆನಿಸಿ ಎದುರು ಪಕ್ಕದಿಂದ ಇನ್ನೊಂದು ಸುತ್ತಿಗೆಯಲ್ಲಿ ಬಡಿದರೆ ಒಳಗಿನ ತುಕ್ಕು ಸಡಿಲವಾಗುತ್ತದೆ. ಗ್ಯಾಸ್ ಬೆಂಕಿ ಇಟ್ಟು ಕಾಸಬೇಡಿ. ಸತು ಸುಟ್ಟ ಬಿಳಿ ಹೊಗೆ ಕುಡಿದರೆ ಸಂಜೆಗೆ ಚಳಿ ಜ್ವರ ಬರುತ್ತದೆ. ಜಿಐ ಪೈಪಿಗೆ ವೆಲ್ಡಿಂಗ್ ಬೇಡ ಅನ್ನುವುದಕ್ಕೂ ಇದು ಒಂದು ಕಾರಣ, ಇನ್ನೊಂದು ಕಾರಣ ಆ ಜಾಗದಲ್ಲಿ ಲೇಪವೇ ಉಳಿಯುವುದಿಲ್ಲ ಅನ್ನುವುದು.

ಎಲ್ಲಕ್ಕಿಂತ ಹೆದರಿಕೆಯಾದದ್ದು ಗಾಳಿ ಪೈಪು ಬಿಚ್ಚಿದಾಗ. ಅದೂ ಅರ್ಧ ಇಂಚಿನ ಜಿಐ, ಹಂಡೆಯ ನೆತ್ತಿಯಿಂದ ಮಾಡಿನಾಚೆಗೆ ಹೋಗುವಂಥದ್ದು. ಕೆಳಗಿನ ಗೇಣುದ್ದದಲ್ಲಿ ತುಕ್ಕು ತುಂಬಿ ದಾರಿ ಹೆಚ್ಚುಕಡಿಮೆ ಮುಚ್ಚಿತ್ತು. ಬಾಯಿಟ್ಟು ಊದಿದರೆ ಗಾಳಿ ಕಷ್ಟಪಟ್ಟು ಹೋಗುತ್ತಿತ್ತು. ನೀರು ಕಾದಾಗ ಹಿಗ್ಗುತ್ತದೆ, ಕುದಿದರೆ ಆವಿ ಆಗುತ್ತದೆ, ಅದು ಹೊರಗೆ ಹೋಗಲು ಇರುವುದು ಈ ದಾರಿ. ಇದು ಮುಚ್ಚಿದ್ದು, ತಣ್ಣೀರಿನ ವಾಲ್ವನ್ನೂ ಯಾರಾದರೂ ತಿರುಗಿಸಿದ್ದು, ಕೆಳಗೆ ಒಲೆ ಉರಿಯುತ್ತಿದ್ದರೆ ಹಂಡೆ ಸಿಡಿಯುತ್ತದೆ. ಪ್ಲಂಬರ್ ಆ ತುಂಡನ್ನು ಕೈಯಲ್ಲಿ ಹಿಡಿದು, "ಮಾರಾಯ್ರೇ, ನಲ್ಲಿ ಸಣ್ಣ ಬಂದದ್ದೇ ನಿಮ್ ಪುಣ್ಯ. ಇಲ್ದಿದ್ರೆ ಇದನ್ನ ಯಾರು ಬಿಚ್ತಿದ್ರು?" ಅಂದರು. ಹಂಡೆ ಇರುವ ಮನೆಯವರು ಬೇರೇನು ಮಾಡದಿದ್ದರೂ ಗಾಳಿ ಪೈಪನ್ನು ಒಮ್ಮೆ ಬಿಚ್ಚಿಸಿ ನೋಡಿ. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ.

ಹೊಸ ಗಾಳಿ ಪೈಪು ಮುಕ್ಕಾಲಿಂಚಿನ ಸ್ಟೀಲ್, ಒಂದೂ ವಾಲ್ವ್ ಇಲ್ಲ, ಎಲ್ಲೂ ಕೆಳಗೆ ಬಾಗಿಲ್ಲ. ಮೇಲಿನ ತುದಿ ಟ್ಯಾಂಕಿನ ನೀರಿನ ಮಟ್ಟಕ್ಕಿಂತ ಎತ್ತರದಲ್ಲಿದೆ, ಕಸ ಬೀಳದಂತೆ ಬಾಯಿ ಕೆಳಮುಖ ಮಾಡಿ ಬೆಂಡ್ ಹಾಕಿದ್ದೇವೆ. ಕುದಿನೀರು ಉಕ್ಕಿದರೆ ಜನ ಓಡಾಡುವ ಕಡೆ ಬೀಳದ ಹಾಗೆ ಹಿತ್ತಿಲ ಕಡೆಗೆ ತಿರುಗಿಸಿದ್ದೇವೆ.

ಇನ್ನು ಅಳತೆ ಮತ್ತು ಥ್ರೆಡ್. ಜಿಐನಲ್ಲಿ ಪೈಪಿನ ಉದ್ದ ಅಂದಾಜಿಗೆ ಸಿಗುವುದಿಲ್ಲ. ಎರಡು ಎಲ್ಬೋಗಳ ಮಧ್ಯಬಿಂದುವಿನಿಂದ ಮಧ್ಯಬಿಂದುವಿಗೆ ಅಳೆದು, ಒಂದೊಂದು ಎಲ್ಬೋಗೂ ಇಷ್ಟು ಅಂತ ಕಳೆಯಬೇಕು. ಒಂದಿಂಚಿನ ಎಲ್ಬೋದಲ್ಲಿ ಮಧ್ಯದಿಂದ ಬಾಯಿಗೆ 38 ಮಿಲಿಮೀಟರ್, ಪೈಪು ಒಳಗೆ ಹೋಗುವುದು ಸುಮಾರು 17. ಹಾಗಾಗಿ ಕಳೆಯಬೇಕಾದದ್ದು 21. ಮುಕ್ಕಾಲಿಂಚಿಗೆ 33ರಲ್ಲಿ 15 ಹೋಗಿ 18, ಅರ್ಧ ಇಂಚಿಗೆ 28ರಲ್ಲಿ 13 ಹೋಗಿ 15. ಮಧ್ಯದಿಂದ ಮಧ್ಯಕ್ಕೆ ಒಂದು ಮೀಟರ್ ಇದ್ದರೆ ಒಂದಿಂಚಿನ ಪೈಪನ್ನು 958 ಮಿಲಿಮೀಟರಿಗೆ ಕೊಯ್ಯಬೇಕು. ನಿಮ್ಮ ಕೈಯಲ್ಲಿರುವ ಎಲ್ಬೋ ಒಂದನ್ನು ಅಳೆದು ಖಾತ್ರಿ ಮಾಡಿಕೊಳ್ಳಿ.

ಗರಗಸದಲ್ಲಿ ಕೊಯ್ದ ಮೇಲೆ ಒಳ ಅಂಚನ್ನು ಅರದಿಂದ ಉಜ್ಜಿ ತೆಗೆಯಲೇಬೇಕು. ಆ ಚೂಪು ಅಂಚು ನೀರಿಗೆ ತಡೆ, ತುಕ್ಕು ಗಂಟು ಕಟ್ಟಲು ಶುರುವಾಗುವುದೂ ಅಲ್ಲಿಂದಲೇ. ಡೈ ಸೆಟ್ ನೇರ ಕೂರಿಸಿ, ಎಣ್ಣೆ ಬಿಡುತ್ತಾ ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಚೂರು ಮುರಿದು ಹೊರಬಿದ್ದರೆ ಥ್ರೆಡ್ ನುಣ್ಣಗೆ ಬರುತ್ತದೆ. ಎಣ್ಣೆ ಅಂದರೆ ಕೆಲವರು ಸುಟ್ಟ ಎಂಜಿನ್ ಆಯಿಲ್ ಸುರಿಯುತ್ತಾರೆ, ಕುಡಿಯುವ ನೀರು ಹರಿಯುವ ಪೈಪಿಗೆ ಅದು ಖಂಡಿತ ಬೇಡ. ನಾವು ಕೊಬ್ಬರಿ ಎಣ್ಣೆ ಬಳಸಿದೆವು. ಥ್ರೆಡ್ ಎಷ್ಟು ಉದ್ದ? ಒಂದಿಂಚಿಗೆ 17 ಮಿಲಿಮೀಟರ್, ಅಂದರೆ ಏಳು ಸುತ್ತಿನ ಮೇಲೆ ಒಂಚೂರು. "ಇರ್ಲಿ ಬಿಡಿ, ಎರಡು ಸುತ್ತು ಜಾಸ್ತಿ" ಅನ್ನುವುದು ಪ್ಲಂಬರ್‌ಗಳ ಅಭ್ಯಾಸ. ಆ ಎರಡು ಸುತ್ತು ಫಿಟ್ಟಿಂಗಿನ ಹೊರಗೆ ಬೆತ್ತಲಾಗಿ ಉಳಿಯುತ್ತದೆ. ಹಳೇ ಪೈಪಿನಲ್ಲಿ ಬೆರಳಿಗೆ ಉದುರಿದ್ದು ಅದೇ ಎರಡು ಸುತ್ತು.

ಜಾಯಿಂಟಿಗೆ ಟೆಫ್ಲಾನ್ ಟೇಪೋ, ಸಣಬಿನ ನಾರೋ ಅನ್ನುವ ಜಗಳ ಯಾವಾಗಲೂ ಇದೆ. ಹಿತ್ತಾಳೆ, ಸ್ಟೀಲ್ ಜಾಯಿಂಟಿಗೆ ನಾನು ಟೇಪ್ ಹಾಕುತ್ತೇನೆ. ಕೈ ಡೈಯಲ್ಲಿ ಹಾಕಿದ ಜಿಐ ಥ್ರೆಡ್ಡಿಗೆ ನಾರೇ ವಾಸಿ. ಥ್ರೆಡ್ ಮೇಲೆ ಗರಗಸದ ಬ್ಲೇಡಿನಿಂದ ಅಡ್ಡ ಗೀರಿ ಒರಟು ಮಾಡಬೇಕು, ಇಲ್ಲದಿದ್ದರೆ ತಿರುಗಿಸುವಾಗ ನಾರು ಜಾರಿ ಹೊರಗೆ ಬಂದು ಮುದ್ದೆಯಾಗುತ್ತದೆ. ತುದಿಯನ್ನು ನಮ್ಮ ಕಡೆಗೆ ಹಿಡಿದು ಗಡಿಯಾರದ ಮುಳ್ಳಿನ ದಿಕ್ಕಿಗೆ, ಥ್ರೆಡ್ಡಿನ ಸಾಲಿನಲ್ಲೇ ಕೂರುವಂತೆ ಸುತ್ತಬೇಕು. ಮೇಲೆ ಪೇಸ್ಟ್ ಸವರಬೇಕು. ಹಳಬರು ಬಳಸುತ್ತಿದ್ದ ಬಿಳಿ ಸಫೇದದಲ್ಲಿ ಸೀಸ ಇರುತ್ತಿತ್ತು. ಕುಡಿಯುವ ನೀರಿಗೆ ಆಗುತ್ತದೆ ಅಂತ ಡಬ್ಬದ ಮೇಲೆ ಬರೆದ ಪೇಸ್ಟನ್ನೇ ಕೇಳಿ ತನ್ನಿ. ನಾರಿನ ಇನ್ನೊಂದು ಅನುಕೂಲ ಅಂದರೆ, ಎಲ್ಬೋ ಮುಖ ಸ್ವಲ್ಪ ಮುಂದೆ ಹೋದರೆ ಒಂಚೂರು ಹಿಂದೆ ತಿರುಗಿಸಿದರೂ ಸೋರುವುದಿಲ್ಲ. ಟೇಪ್ ಹಾಕಿದ ಜಾಯಿಂಟನ್ನು ಹಿಂದೆ ತಿರುಗಿಸಿದರೆ ಬಿಚ್ಚಿ ಹೊಸದಾಗಿ ಸುತ್ತಲೇಬೇಕು.

ಹಂಡೆಯ ಬಾಯಿಗೆ ಬೆಸುಗೆ ಹಾಕಿದ ಹಿತ್ತಾಳೆ ಸಾಕೆಟ್ ಇದೆ. ಅಲ್ಲಿ ಒಂದೇ ರೆಂಚಿನಲ್ಲಿ ಬಲ ಹಾಕಿದರೆ ಬೆಸುಗೆ ಬಿಡುತ್ತದೆ, ತಾಮ್ರದ ತಗಡೂ ಹರಿಯಬಹುದು. ಸಾಕೆಟ್ಟನ್ನು ಒಂದು ರೆಂಚಿನಲ್ಲಿ ಗಟ್ಟಿ ಹಿಡಿದುಕೊಂಡೇ ನಿಪ್ಪಲ್ ಬಿಗಿದೆವು. ತಣ್ಣೀರು ಸೇರುವ ಕಡೆ, ಹಂಡೆಯಿಂದ ಆಚೆಗೆ ಕ್ರಮ ಹೀಗೆ: ಉದ್ದ ಹಿತ್ತಾಳೆ ನಿಪ್ಪಲ್, ಹಿತ್ತಾಳೆ ಯೂನಿಯನ್, ಹಿತ್ತಾಳೆ ಬಾಲ್ ವಾಲ್ವ್, ಆಮೇಲೆ ಜಿಐ. ಹಿತ್ತಾಳೆಗೂ ಜಿಐಗೂ ಅಷ್ಟೇನೂ ಸ್ನೇಹವಿಲ್ಲ, ಆದರೆ ಬಿಸಿ ಮತ್ತು ತಾಮ್ರದ ಹತ್ತಿರದಿಂದ ಜಿಐ ದೂರ ಹೋಯಿತಲ್ಲ, ಅದೇ ಲಾಭ. ಬಿಸಿನೀರು ಹಿಂದಕ್ಕೆ ಏರಿ ಬರದಂತೆ, ಜಿಐ ಪೈಪು ಮೇಲಿನಿಂದ ಇಳಿದು ಹಂಡೆಯ ಬಾಯಿಗಿಂತ ಗೇಣು ಕೆಳಗೆ ಹೋಗಿ ಮತ್ತೆ ಮೇಲೆ ಬಂದು ಸೇರುವಂತೆ ಮಾಡಿದೆವು. ವಾಲ್ವಿನ ಹಿಡಿಕೆಯನ್ನು ಬಿಚ್ಚಿ ಮೊಳೆಗೆ ನೇತುಹಾಕಿದ್ದೇವೆ. ರಿಪೇರಿಗೆ ಬಂದವರಿಗೆ ಬಿಟ್ಟರೆ ಅದನ್ನು ತಿರುಗಿಸುವ ಕೆಲಸ ಯಾರಿಗೂ ಇಲ್ಲ.

ಯೂನಿಯನ್ ಬಗ್ಗೆ ಒಂದು ಮಾತು. ಥ್ರೆಡ್ ಹಾಕಿದ ಲೈನನ್ನು ನಡುವಿನಿಂದ ಬಿಚ್ಚಲು ಆಗುವುದಿಲ್ಲ, ಒಂದು ಕಡೆ ಬಿಚ್ಚಿದರೆ ಇನ್ನೊಂದು ಕಡೆ ಬಿಗಿಯುತ್ತದೆ. ಹಾಗಾಗಿ ಪ್ರತಿ ವಾಲ್ವಿನ ಪಕ್ಕ, ಹಂಡೆಯ ಪಕ್ಕ, ಉದ್ದ ಲೈನಿನ ಎರಡೂ ಕೊನೆಗೆ ಒಂದೊಂದು ಯೂನಿಯನ್ ಬೇಕು. ಒಳಗಿನ ಎರಡು ಮುಖಗಳು ಗೀರಿಲ್ಲದೆ ನುಣುಪಾಗಿರಬೇಕು. ನಡುವಿನ ನಟ್ಟಿಗೆ ನಾರು ಸುತ್ತಬಾರದು, ಅಲ್ಲಿ ನೀರು ತಡೆಯುವುದು ಆ ಎರಡು ಮುಖಗಳೇ. ಗೋಡೆಯೊಳಗೆ ಯೂನಿಯನ್ ಹುಗಿಯಬಾರದು. ನಾವಂತೂ ಇಡೀ ಲೈನನ್ನೇ ಗೋಡೆಯ ಹೊರಗೆ, ಕ್ಲಾಂಪ್ ಹಾಕಿ ಒಂದಿಂಚು ಜಾಗ ಬಿಟ್ಟು ಓಡಿಸಿದ್ದೇವೆ. ಮಳೆಗಾಲದಲ್ಲಿ ಒದ್ದೆ ಗೋಡೆಗೆ ಅಂಟಿಕೊಂಡ ಜಿಐ ಹೊರಗಿನಿಂದಲೂ ತುಕ್ಕು ಹಿಡಿಯುತ್ತದೆ.

ನೀರು ಬಿಡುವ ಮೊದಲು ಕೊನೆಯ ನಲ್ಲಿ ಹಾಕದೆ ಲೈನ್ ತೊಳೆದೆವು. ಕಬ್ಬಿಣದ ಚೂರು, ನಾರು, ಎಣ್ಣೆ ಎಲ್ಲ ಬಂತು. ಆಮೇಲೆ ನಲ್ಲಿ ಮುಚ್ಚಿ, ಪ್ರತಿ ಜಾಯಿಂಟಿಗೂ ಒಣ ಪೇಪರ್ ಪಟ್ಟಿ ಸುತ್ತಿ ರಾತ್ರಿಯಿಡೀ ಬಿಟ್ಟೆವು. ಬೆಳಿಗ್ಗೆ ರೆಡ್ಯೂಸಿಂಗ್ ಸಾಕೆಟ್ಟಿನ ಕೆಳಗಿನ ಪೇಪರ್ ಮಾತ್ರ ಒದ್ದೆಯಾಗಿತ್ತು. ಅದನ್ನು ಇನ್ನರ್ಧ ಸುತ್ತು ಬಿಗಿದ ಮೇಲೆ ನಿಂತಿತು. ಎಲ್ಲ ಒಣಗಿದ್ದು ಖಾತ್ರಿಯಾದ ಮೇಲೆ ಹೊರಗೆ ಕಾಣುವ ಥ್ರೆಡ್ಡಿಗೂ ರೆಂಚ್ ಹಲ್ಲು ಕಚ್ಚಿದ ಜಾಗಕ್ಕೂ ವೈರ್ ಬ್ರಷ್ ಹಾಕಿ, ಸತು ತುಂಬಿದ ಪೇಂಟ್ ಎರಡು ಕೋಟ್ ಹಚ್ಚಿದೆವು. ಪೇಂಟನ್ನು ಪರೀಕ್ಷೆಗೆ ಮೊದಲೇ ಹಚ್ಚಬಾರದು, ಸಣ್ಣ ಸೋರಿಕೆಯನ್ನು ಅದು ಮುಚ್ಚಿಬಿಡುತ್ತದೆ.

ಹೊಸ ಜಿಐನಲ್ಲಿ ರಾತ್ರಿ ನಿಂತ ನೀರಿಗೆ ಕೆಲವು ವಾರ ಸತುವಿನ ಒಗರು ರುಚಿ ಇರುತ್ತದೆ. ಬೆಳಿಗ್ಗೆ ಮೊದಲ ಕೊಡ ಗಿಡಕ್ಕೆ ಹಾಕಿ ಅಂತ ಚಿಕ್ಕಮ್ಮನಿಗೆ ಹೇಳಿದ್ದೇನೆ. ಬಿಸಿನೀರಿನ ನಲ್ಲಿಯಲ್ಲಿ ಈಗ ಬಕೆಟ್ ಬೇಗ ತುಂಬುತ್ತಿದೆ, ನೀರೂ ತಿಳಿಯಾಗಿದೆ. ಅಡುಗೆಮನೆ ಕಡೆಯ ಅರ್ಧ ಇಂಚಿನ ಲೈನ್ ಇನ್ನೂ ಹಳೆಯದೇ. ತಣ್ಣೀರು ಮಾತ್ರ ಆದ್ದರಿಂದ ಸದ್ಯ ಗಟ್ಟಿ ಇದೆ, ಆದರೆ ಎಲ್ಲ ಜಾಯಿಂಟಿನ ಹೊರಗೂ ಕಾವಿ ಬಣ್ಣ ಶುರುವಾಗಿದೆ. ಮಳೆಗಾಲ ಕಳೆದ ಮೇಲೆ ಅದನ್ನೂ ಬದಲಾಯಿಸುವುದು. ಅದಕ್ಕಾಗಿ ಹೊಸ ಟೀ ಹಾಕುವಾಗಲೇ ಆ ಕಡೆಯ ಬಾಯಿಗೆ ಒಂದು ಬಾಲ್ ವಾಲ್ವ್, ಒಂದು ಯೂನಿಯನ್ ಹಾಕಿಟ್ಟಿದ್ದೇವೆ. ಆಗ ಹಂಡೆಯ ನೀರು ನಿಲ್ಲಿಸಬೇಕಾಗಿಲ್ಲ.